ಕೈಯ ಚಾಳಿ, ಕಾಲಿನ ತಾಳ

ಏನೂ ಬಾರದವರಿಗೆ ಕಲಿಸುವುದು ಸುಲಭ. ಎಲ್ಲ ಬರುವವರಿಗೆ ಕಲಿಸುವ ಅಗತ್ಯವೇ ಇಲ್ಲ. ಗುರುಗಳಿಗೆ ತಲೆನೋವು ತರುವವರು ಅಲ್ಪಸ್ವಲ್ಪ ಬರುವವರು. ನಾನು ಆ ಪೈಕಿ. ಎರಡು ವರ್ಷ ನನ್ನಷ್ಟಕ್ಕೆ ನಾನೇ ಗಿಟಾರ್ ಕಲಿತೆ, ಆಮೇಲೆ ಕಲಿತದ್ದನ್ನು ಮರೆಯಲು ಇನ್ನೂ ಎರಡು ವರ್ಷ ಒಬ್ಬ ಮಾಸ್ತರರ ಮನೆಗೆ ನಡೆದೆ. ಮರೆಯುವುದಕ್ಕೂ ಒಂದು ಶಾಲೆ ಇರುತ್ತದೆ, ಅದರಲ್ಲೂ ನಾಪಾಸಾಗಬಹುದು ಎಂದು ನನಗೆ ಗೊತ್ತಾದದ್ದು ಸೋಲಾಪುರದ ಗಿರಣಿ ಕೆಲಸಗಾರರ ಸಾಲುಮನೆಗಳ ಒಂದು ಚಾಳದ ಎರಡು ಕೋಣೆಯ ಮನೆಯಲ್ಲಿ.

ಗಿಟಾರ್ ಎಂದರೆ ಈಗಿನವರಿಗೆ ಕೊರಳಿಗೆ ಪಟ್ಟಿ ಹಾಕಿಕೊಂಡು ಎದೆಗೆ ಅವಚಿಕೊಂಡು ನುಡಿಸುವ ವಾದ್ಯ. ಎಪ್ಪತ್ತರ ದಶಕದ ನಮ್ಮ ಸೋಲಾಪುರದಲ್ಲಿ ಗಿಟಾರ್ ಮಲಗಿರುತ್ತಿತ್ತು. ಅದನ್ನು ತೊಡೆಯ ಮೇಲೋ ಮೇಜಿನ ಮೇಲೋ ಅಂಗಾತ ಇಟ್ಟು, ಬಲಗೈಯಲ್ಲಿ ತಂತಿ ಮೀಟುತ್ತ, ಎಡಗೈಯಲ್ಲಿ ಹೆಬ್ಬೆರಳು ಗಾತ್ರದ ನುಣುಪಾದ ಉಕ್ಕಿನ ರಾಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಹವಾಯನ್ ಗಿಟಾರ್ ಎಂದು ಅದರ ಹೆಸರು. ಹವಾಯಿ ಎಲ್ಲಿದೆ ಎಂದು ನಮ್ಮ ಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಪ್ಪಲಿ ಮತ್ತು ಗಿಟಾರ್ ಎರಡನ್ನೂ ಮಾಡುವ ಊರು ಎಂದುಕೊಂಡಿದ್ದೆವು. ಹಾಗಿದ್ದರೂ ಮೂರು ಓಣಿಗೊಬ್ಬರಂತೆ ಯಾರಾದರೂ ಸಂಜೆ ಹೊತ್ತು ಸಿನಿಮಾ ಹಾಡನ್ನು ಅದರ ಮೇಲೆ ಎಳೆಯುತ್ತಿದ್ದರು. ಎಳೆಯುವುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ.

ನಮ್ಮದು ಮಂಗಳವಾರ ಪೇಟೆಯಲ್ಲಿ ಅರಿವೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮಾಲು ತರಲು ಮುಂಬಯಿಗೆ ಹೋದ ಅಣ್ಣ ಒಂದು ಸಲ ಗಿಟಾರ್ ಹೊತ್ತು ತಂದ. ಮೂರು ತಿಂಗಳು ಅದರೊಂದಿಗೆ ಗುದ್ದಾಡಿ ಬೇಸತ್ತು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ತಂದಿಟ್ಟ. ನಾನಾಗ ಮೆಟ್ರಿಕ್ ಮುಗಿಸಿ, ಮದುವೆಗೆ ಕಾಯುತ್ತ, ಕಾಯುವಾಗ ಸುಮ್ಮನಿರಬಾರದೆಂದು ದಿಂಬಿನ ಗವುಸು ಹೊಲಿಯುತ್ತ ಕುಳಿತಿದ್ದ ಹತ್ತೊಂಬತ್ತರ ಹುಡುಗಿ. ಗವುಸಿನಿಂದ ಗಿಟಾರಿಗೆ ಒಂದೇ ಮಾರು ದೂರ. ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡೆ, ಅಷ್ಟೇ.

ರೇಡಿಯೋದಲ್ಲಿ ಕೇಳಿದ ಹಾಡನ್ನು ತಂತಿಯ ಮೇಲೆ ಹುಡುಕುವುದೇ ನನ್ನ ವಿದ್ಯಾಭ್ಯಾಸ. ಸ್ವರ ಸರಿಯಾಗಿ ಸಿಗದಿದ್ದರೆ ರಾಡನ್ನು ಅಲ್ಲಿಯೇ ಗಡಗಡ ಅಲುಗಿಸುತ್ತಿದ್ದೆ. ಆಚೆಗೂ ಈಚೆಗೂ ಅಲುಗಿಸಿದರೆ ನಡುವೆ ಎಲ್ಲೋ ಸರಿಯಾದ ಸ್ವರ ಇದ್ದೇ ಇರುತ್ತದಲ್ಲ! ಕೇಳುವವರಿಗೆ ನನ್ನ ಈ ಹುಡುಕಾಟ ಭಾವಾವೇಶದಂತೆ ಕೇಳುತ್ತಿತ್ತು. ಮನೆಗೆ ಬಂದ ನೆಂಟರು, “ಕಿತೀ ಗೋಡ್ ವಾಜವತೇ!” ಎಂದು ಮರಾಠಿಯಲ್ಲಿ ಕೊಂಡಾಡುತ್ತಿದ್ದರು. ಎಷ್ಟು ಸಿಹಿಯಾಗಿ ನುಡಿಸುತ್ತಾಳೆ ಅಂತ. ಹೊಗಳಿಕೆ ಕೇಳಿದ ಮೇಲೆ ನಾನು ಇನ್ನಷ್ಟು ಅಲುಗಿಸುತ್ತಿದ್ದೆ. ಹೀಗೆ ಎರಡು ವರ್ಷಗಳಲ್ಲಿ ಐದು ಹಾಡುಗಳೂ ಐದಕ್ಕಿಂತ ಹೆಚ್ಚು ಚಾಳಿಗಳೂ ನನ್ನ ಕೈಸೇರಿದವು.

ಅಪ್ಪ ನನಗೆ ವರ ಹುಡುಕುವ ಚೀಟಿಯಲ್ಲಿ ‘ಗಿಟಾರ್ ನುಡಿಸುತ್ತಾಳೆ’ ಎಂದು ಬರೆಸಿಬಿಟ್ಟರು. ಬರೆಸಿದ ಮೇಲೆ ವ್ಯಾಪಾರಿಯ ಮನಸ್ಸಿಗೆ ಒಂದು ಅಳುಕು. ಬೋರ್ಡಿನ ಮೇಲೆ ಬರೆದ ಮಾಲು ಅಂಗಡಿಯಲ್ಲಿ ಇರಬೇಕಲ್ಲ? “ಯಾರರ ಮಾಸ್ತರ ಕಡೆ ಹಾಕಿ ಪಕ್ಕಾ ಮಾಡಿಸೋಣು” ಎಂದು ವಿಚಾರಿಸಿದಾಗ ಎಲ್ಲರೂ ಹೇಳಿದ ಹೆಸರು ಒಂದೇ, ಗುರುಲಿಂಗಪ್ಪ ಮಾಸ್ತರ್.

ಮಾಸ್ತರರು ಶಾಲೆಯ ಮಾಸ್ತರರಲ್ಲ. ಬಟ್ಟೆ ಗಿರಣಿಯ ಮಗ್ಗಗಳ ಖಾತೆಯಲ್ಲಿ ಫಿಟ್ಟರ್. ಮೂವತ್ತು ವರ್ಷಗಳಿಂದ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಗಿರಣಿಯ ಭೋಂಗಾ ಕೂಗಿ ಮೊದಲ ಪಾಳಿ ಬಿಟ್ಟ ಮೇಲೆ ಮನೆಗೆ ಬಂದು, ಕೈಯ ಎಣ್ಣೆ ತೊಳೆದು, ಗಿಟಾರ್ ಕಲಿಸುತ್ತಿದ್ದರು. ನಾನು ಒಬ್ಬಳೇ ಹೋಗುವಂತಿರಲಿಲ್ಲ, ಅವ್ವ ಜೊತೆಗೆ ಬರುತ್ತಿದ್ದಳು. ಮಾಸ್ತರರ ಹೆಂಡತಿ ಗಂಗವ್ವ ಮೊರದಲ್ಲಿ ಎಲೆ ಮತ್ತು ತಂಬಾಕು ಇಟ್ಟುಕೊಂಡು ಹೊಸ್ತಿಲಲ್ಲಿ ಬೀಡಿ ಕಟ್ಟುತ್ತ ಕೂರುತ್ತಿದ್ದರು. ಅವ್ವ ಅವರ ಎದುರಿಗೆ ಕೂತು ಲೋಕಾಭಿರಾಮಕ್ಕೆ ತೊಡಗುತ್ತಿದ್ದಳು. ನನಗಿಂತ ಮೊದಲು ಆ ಮನೆಯನ್ನು ಹಚ್ಚಿಕೊಂಡವಳು ಅವ್ವನೇ.

ಮೊದಲ ದಿನ ಮಾಸ್ತರರು, “ಬರೂದು ನುಡಿಸ್ ತಂಗಿ” ಅಂದರು. ನನ್ನ ಐದು ಹಾಡುಗಳಲ್ಲಿ ಅತಿ ಹೆಚ್ಚು ಹೊಗಳಿಸಿಕೊಂಡದ್ದನ್ನು ನುಡಿಸಿದೆ. ಅವರು ಮೇಜಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಕೂತಿದ್ದರು. ನನ್ನ ನುಡಿಕೆಗೆ ಮೈಮರೆತರೆಂದು ಹಿಗ್ಗಿದೆ. ಹಾಡು ಮುಗಿಯಿತು. ಕಣ್ಣು ತೆರೆದರು.

“ಸುರಕ್ಕ ಥಂಡಿಜ್ವರ ಬಂದೈತೇನು ತಂಗಿ? ಇಷ್ಟ್ಯಾಕ ನಡಗಾಕತ್ತೈತಿ?”

ಹೊಸ್ತಿಲಲ್ಲಿ ಗಂಗವ್ವ ಕಿಸಕ್ಕೆಂದರು. ಅವ್ವನೂ ನಕ್ಕಳು, ಅದೇ ನನಗೆ ಹೆಚ್ಚು ಉರಿದದ್ದು.

ಮುಂದಿನ ನಾಲ್ಕು ತಿಂಗಳು ಒಂದೇ ಒಂದು ಹಾಡಿಲ್ಲ. ರಾಡನ್ನು ಒಂದು ಸ್ವರದ ಮೇಲಿಡು, ಮೀಟು, ಅಲುಗಿಸಬೇಡ, ಕೇಳು. ಮುಂದಿನ ಸ್ವರಕ್ಕೆ ಹೋಗು, ನಿಲ್ಲು, ಕೇಳು. ನಾನು ರಾಡನ್ನು ತಂತಿಯ ಮೇಲೆ ಒತ್ತುತ್ತಿದ್ದೆ. “ಅದಕ್ಕ ತನ್ನ ಭಾರ ತನಗ ಐತಿ. ನಿನ್ನ ಭಾರ ಯಾಕ ಕೊಡ್ತಿ?” ಎನ್ನುತ್ತಿದ್ದರು. ನಾನು ತಂತಿಗಳ ಕೆಳಗಿನ, ಸ್ವರದ ಜಾಗ ತೋರುವ ಗೆರೆಗಳನ್ನು ನೋಡಿ ರಾಡು ಇಡುತ್ತಿದ್ದೆ. ಅವರು ಗೆರೆಗಳ ಮೇಲೆ ಚಾದರದ ತುಂಡೊಂದನ್ನು ಹೊದಿಸಿಬಿಟ್ಟರು. “ನೀ ಕುಂತ ಜಾಗಾದಿಂದ ಗೆರಿ ಸೊಟ್ಟ ಕಾಣ್ತೈತಿ. ಕಣ್ಣ ಸುಳ್ಳ ಹೇಳ್ತೈತಿ, ಕಿವಿ ಮಾತ ಕೇಳು.” ಆ ನಾಲ್ಕು ತಿಂಗಳಲ್ಲಿ ನನ್ನ ಹಳೆಯ ಹಾಡುಗಳು ಹೋದವು, ಹೊಸದು ಯಾವುದೂ ಬರಲಿಲ್ಲ. ಮನೆಗೆ ಬಂದ ನೆಂಟರ ಮುಂದೆ ನುಡಿಸಲು ಕೂತರೆ ಒಂದು ಸ್ವರ ನೆಟ್ಟಗೆ ನಿಲ್ಲಿಸಿ, ಅದು ಸರಿ ಇದೆಯೇ ಎಂದು ಕೇಳುತ್ತ ನಾನೇ ಕೂತುಬಿಡುತ್ತಿದ್ದೆ. “ಆ ಕುಲಕೂದು ಛಂದ ಇತ್ತಲ್ಲ, ಅದನ್ಯಾಕ ತಗಸಿದ್ರು?” ಎಂದು ಅಪ್ಪ ಒಳಗೊಳಗೆ ಚಡಪಡಿಸುತ್ತಿದ್ದರು.

ನಮ್ಮಂಥ ಗಡಿಯ ಮಂದಿಗೆ ಮಾತಿನ ಮೇಲೆ ಯೋಚಿಸುವ ಒಂದು ಹುಚ್ಚು ಇರುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಎರಡೂ. ಮರಾಠಿಯಲ್ಲಿ ಅಭ್ಯಾಸವೆಂದರೆ ಓದು, ಪಾಠ. ಚಾಳಿಗೆ ಅವರಲ್ಲಿ ಬೇರೆಯೇ ಶಬ್ದವಿದೆ, ‘ಸವಯ್’. ಕನ್ನಡ ನೋಡಿ, ಸಾಧನೆ ಮಾಡುವುದಕ್ಕೂ ಅಭ್ಯಾಸ ಅನ್ನುತ್ತದೆ, ಉಗುರು ಕಚ್ಚುವುದಕ್ಕೂ ಅಭ್ಯಾಸ ಅನ್ನುತ್ತದೆ. ಮೊದಮೊದಲು ಇದು ಕನ್ನಡದ ಜಿಪುಣತನ ಎಂದುಕೊಂಡಿದ್ದೆ. ಮಾಸ್ತರರ ಮುಂದೆ ಕೂತ ಮೇಲೆ ಕನ್ನಡ ಹೇಳುವುದೇ ಸರಿ ಅನ್ನಿಸಿತು. ತಪ್ಪುಗಳನ್ನು ನಾನು ಎರಡು ವರ್ಷ ದಿನವೂ ತಪ್ಪದೆ ಸಾಧನೆ ಮಾಡಿದ್ದೆ. ಅಷ್ಟು ಶ್ರದ್ಧೆಯಿಂದ ಕಲಿತದ್ದು ಅಷ್ಟು ಸುಲಭಕ್ಕೆ ಹೇಗೆ ಹೋದೀತು?

ಐದನೆಯ ತಿಂಗಳಲ್ಲಿ ಮಾಸ್ತರರು ಮೂಲೆಯಲ್ಲಿದ್ದ ಒಂದು ಉದ್ದನೆಯ ವಸ್ತುವಿನ ಮೇಲಿನ ಚಾದರ ತೆಗೆದರು. ಇಷ್ಟು ದಿನ ಅದನ್ನು ಹಾಸಿಗೆಯ ಗಂಟು ಎಂದುಕೊಂಡಿದ್ದೆ. ಕಿರಿದಾದ ಮೇಜಿನ ಮೇಲೆ ಹತ್ತು ತಂತಿ. ಮೇಜಿನ ಹೊಟ್ಟೆಯ ಕೆಳಗೆ ಸಲಾಕೆಗಳು, ಸನ್ನೆಕೋಲುಗಳು, ಸೈಕಲ್ ಬ್ರೇಕಿನ ತಂತಿ. ಎಲ್ಲಕ್ಕಿಂತ ಕೆಳಗೆ, ಕಾಲಿಡುವಲ್ಲಿ ಮೂರು ಪೆಡಲ್. ಮಾಸ್ತರರೇ ಮಾಡಿದ್ದು. ಗಿರಣಿಯ ಸಾಹೇಬರೊಬ್ಬರ ಬಂಗಲೆಗೆ ಪಂಖಾ ರಿಪೇರಿಗೆ ಹೋದಾಗ ಅಲ್ಲಿ ಪರದೇಶದ ರೆಕಾರ್ಡೊಂದು ಹಾಡುತ್ತಿತ್ತಂತೆ. ಅದರಲ್ಲಿ ಮೂರು ತಂತಿ ಕೂಡಿ ನುಡಿಯುವಾಗ ಒಂದು ನಿಂತಲ್ಲೇ ನಿಂತು, ಉಳಿದೆರಡು ಮಾತ್ರ ಮೆಲ್ಲಗೆ ಮೇಲೇರುತ್ತಿದ್ದವು. ರಾಡು ಜಾರಿಸಿದರೆ ಮೂರೂ ಒಟ್ಟಿಗೆ ಜಾರಬೇಕು. ಎರಡೇ ಹೇಗೆ ಏರಿದವು? ಮಾಸ್ತರರು ಪಂಖಾ ಮರೆತು ನಿಂತರು. ರೆಕಾರ್ಡಿನ ಹೊದಿಕೆಯ ಮೇಲಿನ ಚಿತ್ರದಲ್ಲಿ ಒಬ್ಬ ಮನುಷ್ಯ ಇಂಥ ಮೇಜಿನ ಮುಂದೆ ಕೂತಿದ್ದ, ಕೆಳಗೆ ಸಲಾಕೆಗಳಿದ್ದವು. ಅಷ್ಟೇ ಸಾಕಾಯಿತು. ಮಗ್ಗ ಬಿಚ್ಚಿ ಜೋಡಿಸುವ ಕೈ, ಆರು ವರ್ಷ ಹಿಡಿದು ಇದನ್ನು ಜೋಡಿಸಿತು.

“ಸಾ ನಿಂತಲ್ಲೇ ನಿಂದರ್ತೈತಿ. ಕಾಲ ಒತ್ತಿದ್ರ ಗ ಎದ್ದು ಮ ಆಗ್ತೈತಿ, ಪ ಎದ್ದು ಧ ಆಗ್ತೈತಿ” ಎಂದು ಒತ್ತಿ ತೋರಿಸಿದರು. ತಂತಿಗಳ ಒಳಗಿನಿಂದ ಯಾರೋ ಬಾಗಿಲು ತೆರೆದಂತೆ ಒಂದು ಶಬ್ದ ಬಂತು. ಇದನ್ನು ಕಲಿಯದೆ ಬಿಡಬಾರದು ಅನ್ನಿಸಿದ್ದು ಆ ಗಳಿಗೆಯಲ್ಲಿ.

ಅನ್ನಿಸಿದ್ದೇನೋ ಸರಿ. ನಾನು ಕೂತೆ, ಮೀಟಿದೆ. ಹೊಲಿಗೆ ಯಂತ್ರ ತುಳಿದು ಪಳಗಿದ ನನ್ನ ಬಲಗಾಲಿಗೆ ಪೆಡಲ್ ಸಿಕ್ಕಿತು. ಅದು ತನ್ನ ಪಾಡಿಗೆ ತಾಳ ಹಾಕುತ್ತ ತುಳಿಯತೊಡಗಿತು. ಪ್ರತಿ ತಾಳಕ್ಕೂ ಪಾಪದ ಗ ಬೆಚ್ಚಿ ಎದ್ದು ಮ ಆಗುತ್ತಿತ್ತು, ಮತ್ತೆ ಕೂತು ಗ ಆಗುತ್ತಿತ್ತು. “ಕಾಲ ಬಿಡ! ಕಾಲ ಬಿಡ!” ಎಂದು ಮಾಸ್ತರರು ಕೂಗುತ್ತಿದ್ದರು. ಬಿಟ್ಟರೆ ತಾಳ ತಪ್ಪುತ್ತಿತ್ತು, ತಾಳ ಹಿಡಿದರೆ ಸ್ವರ ಕುಣಿಯುತ್ತಿತ್ತು. ಕೈಯ ಚಾಳಿ ಬಿಡಿಸಲು ನಾಲ್ಕು ತಿಂಗಳು ಸಾಕಾಗಿತ್ತು. ಕಾಲು ತನಗೊಂದು ಚಾಳಿಯಿದೆ ಎಂದು ಒಪ್ಪಲೇ ಇಲ್ಲ.

ಒಂದು ಮಧ್ಯಾಹ್ನ ನಾನು ಪೆಡಲ್ ಒತ್ತಿ ಹಿಡಿದಾಗ ಮೂರನೆಯ ತಂತಿ ಕಿವಿಗೆ ಚುಚ್ಚಿತು. ಮ ಆಗಬೇಕಾದದ್ದು ಅರ್ಧ ದಾರಿಯಲ್ಲೇ ನಿಂತಿತ್ತು.

“ಮಾಸ್ತರ್ರ, ಇದು ಪೂರಾ ಏರಿಲ್ಲರಿ.”

“ಏರೈತಿ. ಛಲೋ ಐತಿ. ಮುಂದ ನುಡಿಸು.”

“ಇಲ್ರಿ, ಕಡಿಮಿ ಅದ.”

ಅವರು ಬಗ್ಗಿ ಕಿವಿಯನ್ನು ತಂತಿಗೆ ಹತ್ತಿರ ತಂದರು. ಮತ್ತೆ ಮೀಟಲು ಹೇಳಿದರು. ಮತ್ತೆ. ಹೊಸ್ತಿಲಲ್ಲಿ ಬೀಡಿ ಕಟ್ಟುತ್ತಿದ್ದ ಗಂಗವ್ವನ ಕೈ ನಿಂತಿತು. ಅವರು ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು, ಹೇಳಬೇಡ ಅನ್ನುವಂತೆ. ಮಾಸ್ತರರೇ ಹೇಳಿದರು.

“ಮ್ಯಾಲಿನ ಸುರ ಹೋಗ್ಯಾವ ತಂಗಿ. ಮೂವತ್ತ ವರ್ಷ ಮಗ್ಗದ ಸಪ್ಪಳ ಕೇಳಿದ ಕಿವಿ. ಕೆಳಗಿನವು ಇನ್ನೂ ಅದಾವ. ಅವೂ ಹೋಗೂದ್ರಾಗ ಇದರ ಮೂರೂ ಪೆಡಲ್ ಒಮ್ಮಿ ಸರಿ ಕುಂಡ್ರಬೇಕು. ನನ್ನ ಆಸೆ ಇಷ್ಟ.”

ಇಷ್ಟು ದಿನ ನನ್ನ ತಪ್ಪುಗಳನ್ನು ಅವರು ಹಿಡಿದದ್ದು ಅರ್ಧ ಕಣ್ಣಿನಿಂದ, ಅರ್ಧ ಅಂಗೈಯಿಂದ. ಎರಡು ತಂತಿ ಸರಿಯಾಗಿ ಕೂಡದಿದ್ದರೆ ಮೇಜಿನ ಹಲಗೆಯಲ್ಲಿ ಸಣ್ಣ ಮಿಡಿತವೊಂದು ಏಳುತ್ತದೆ, ಕೂಡಿದರೆ ಅದು ನಿಲ್ಲುತ್ತದೆ. ಅದನ್ನು ಅವರು ಅಂಗೈಯಲ್ಲಿ ಓದುತ್ತಿದ್ದರು. ನನ್ನ ಕುಲುಕಾಟದ ಮೇಲೆ ಅವರಿಗೆ ಅಷ್ಟು ಸಿಟ್ಟು ಏಕೆಂದು ಆಗ ಹೊಳೆಯಿತು. ಅವರು ಓದುವ ಅಕ್ಷರಗಳ ಮೇಲೆ ನಾನು ಮಸಿ ಚೆಲ್ಲುತ್ತಿದ್ದೆ. ಆದರೆ ಎತ್ತರದ ತಂತಿಗಳ ಮಿಡಿತ ಬಹಳ ಸಣ್ಣದು, ಅಂಗೈಯೊಂದಕ್ಕೇ ಪೂರ್ತಿ ಸಿಗದು. ಅಲ್ಲಿಗೆ ಒಂದು ಕಿವಿ ಬೇಕಿತ್ತು. ಅಂದಿನಿಂದ ನಾನು ಶಿಷ್ಯೆಯೂ ಆದೆ, ಕಿವಿಯೂ ಆದೆ. ನಾನು ಮೀಟಿ ಬೆರಳೆತ್ತಿದರೆ ಅವರು ಕೆಳಗೆ ಮಲಗಿ ತಿರುಪು ಬಿಗಿಯುತ್ತಿದ್ದರು, ಬೆರಳಿಳಿಸಿದರೆ ಸಡಿಲಿಸುತ್ತಿದ್ದರು. ಮೊದಲ ಎರಡು ಪೆಡಲ್ ಹೀಗೆ ಹಾದಿಗೆ ಬಂದವು. ಮೂರನೆಯದು ಬಾಕಿ ಇರುವಾಗ ಅಕ್ಕಲಕೋಟೆಯ ಸಂಬಂಧ ಬಂತು.

ಹುಡುಗನ ಅಜ್ಜಿಗೆ ಪ್ರಯಾಣ ಆಗದು, ಹುಡುಗಿಯನ್ನು ಅಕ್ಕಲಕೋಟೆಗೇ ಕರೆತನ್ನಿ, ಸ್ವಾಮಿಗಳ ದರ್ಶನವೂ ಆದಂತಾಗುತ್ತದೆ ಎಂದು ಹೇಳಿಕಳಿಸಿದ್ದರು. ಮಾಸ್ತರರು, “ಇನ್ನ ಮೂರ ತಿಂಗಳ ಮಂದಿ ಮುಂದ ನುಡಿಸಬ್ಯಾಡ. ಹಳೇದು ಹೋಗೈತಿ, ಹೊಸಾದು ಹಸಿ ಐತಿ” ಅಂದರು. ಅಪ್ಪ ಚೀಟಿಯಲ್ಲಿ ಬರೆಸಿದ್ದರಲ್ಲ! ಅಣ್ಣನ ಗಿಟಾರನ್ನು ಚಾದರದಲ್ಲಿ ಸುತ್ತಿಕೊಂಡು ಎಸ್.ಟಿ. ಬಸ್ಸಿನಲ್ಲಿ ಹೊರಟೆವು.

ಪಡಸಾಲೆಯಲ್ಲಿ ಹತ್ತು ಹದಿನೈದು ಜನ. ಗಿಟಾರನ್ನು ಮೇಜಿನ ಮೇಲಿಟ್ಟು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಜಮಖಾನೆಯ ಮೇಲೆ, ನನ್ನ ಪಾದದ ಮಟ್ಟಕ್ಕೆ ಸರಿಯಾಗಿ ಅಜ್ಜಿ ಕೂತಿದ್ದರು. ಕೈ ಅಲುಗಬಾರದು ಎಂದು ಮನಸ್ಸಿನಲ್ಲಿ ಒಂದೇ ಜಪ. ದೇವರಾಣೆ ಹೇಳುತ್ತೇನೆ, ಆ ದಿನ ನನ್ನ ಕೈ ಅಲುಗಲಿಲ್ಲ. ಒಂದೊಂದು ಸ್ವರವೂ ದೀಪದ ಕುಡಿಯಂತೆ ನಿಂತಿತು. ಹಾಡು ಸ್ವಲ್ಪ ಸಪ್ಪೆಯಾಗಿತ್ತು ನಿಜ, ಆದರೆ ಶುದ್ಧವಾಗಿತ್ತು. ಮುಗಿದಾಗ ಯಾರೂ ಹೊಗಳಲಿಲ್ಲ. ಚಹಾ ಕೊಟ್ಟರು, ತಿಳಿಸುತ್ತೇವೆ ಅಂದರು.

ಎಂಟು ದಿನದ ಮೇಲೆ ಸಂಬಂಧ ತಂದ ಹಿರಿಯರು ಅಂಗಡಿಗೆ ಬಂದು ಸಂಕೋಚದಿಂದ ತಿಳಿಸಿದರು. “ಹುಡುಗಿ ಛಲೋ ಅದಾಳಂತ. ಆದ್ರ ಅಜ್ಜಿ ಒಂದು ಮಾತ ಅಂದಾರ. ಆಕಿ ಬಲಗಾಲ ಒಂದ ಸವನ ನಡಗ್ತಿತ್ತಂತ. ಏನರ ಜಡ್ಡ ಇರಬೇಕು, ನಾಳೆ ಮಕ್ಕಳಿಗೂ ಬಂದ್ರ ಹ್ಯಾಂಗ ಅಂತ.”

ಕೈಯಲ್ಲಿ ತಡೆದು ಹಿಡಿದ ನಡುಕವೆಲ್ಲ ಇಳಿದು ಕಾಲಿಗೆ ಹೋಗಿತ್ತು. ಹಾಡಿನುದ್ದಕ್ಕೂ ನನ್ನ ಬಲಗಾಲು, ಅಜ್ಜಿಯ ಮೂಗಿನ ನೇರಕ್ಕೆ, ಇಲ್ಲದ ಹೊಲಿಗೆ ಯಂತ್ರವನ್ನು ತುಳಿದಿತ್ತು.

ಈಗ ನಗು ಬರುತ್ತದೆ. ಆಗ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಅಪ್ಪ ಟೋಪಿ ಹಾಕಿಕೊಂಡು, “ನಡೀರಿ, ಆ ಮಾಸ್ತರಗ ಎರಡ ಮಾತ ಕೇಳಿ ಪಾಠ ಬಂದ್ ಮಾಡಿ ಬರೂಣು” ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಚಾಳಕ್ಕೆ ನಡೆದರು. ಅಪ್ಪನಿಗೆ ಮಾಸ್ತರರ ಕಿವಿಯ ಸಂಗತಿ ಗೊತ್ತಿರಲಿಲ್ಲ. ಅವ್ವನೂ ನಾನೂ ಹೇಳಿರಲಿಲ್ಲ.

ಅಪ್ಪ ಕುರ್ಚಿಯ ಮೇಲೆ ಕೂತು ಶುರು ಮಾಡಿದರು. “ನಿಮ್ಮ ಮ್ಯಾಲ ವಿಶ್ವಾಸ ಇಟ್ಟು ಮಗಳನ್ನ ಕಳಿಸಿದ್ವಿ ಮಾಸ್ತರ. ಕೈ ನೆಟ್ಟಗ ಮಾಡೂದ್ರಾಗ ಆಕಿ ಕಾಲ ಕೆಡಿಸಿ ಇಟ್ರಿ. ಅಕ್ಕಲಕ್ವಾಟಿ ಛಲೋ ಮನಿತನ ಕೈಬಿಟ್ಟು ಹೋತು.”

ಮಾಸ್ತರರು ತುಟಿ ನೋಡಿ ಮಾತು ತಿಳಿಯುವವರು, ಗಿರಣಿಯ ಸದ್ದಿನಲ್ಲಿ ಎಲ್ಲರೂ ಹಾಗೆಯೇ ಮಾತಾಡಿಕೊಳ್ಳುತ್ತಾರೆ. ಅಪ್ಪನದು ದಟ್ಟ ಮೀಸೆ, ತುಟಿ ಕಾಣುತ್ತಿರಲಿಲ್ಲ. ಅಕ್ಕಲಕೋಟೆ, ಛಲೋ ಮನೆತನ ಎಂಬಷ್ಟು ಅವರಿಗೆ ಸಿಕ್ಕಿರಬೇಕು. ಮುಖ ಅರಳಿತು.

“ಭಾಳ ಸಂತೋಷ ಆತ್ರಿ ಸಾವ್ಕಾರ್ರ! ಲಗ್ನ ಯಾವಾಗ್ರಿ?”

ಗಂಗವ್ವ ಮೊರ ಪಕ್ಕಕ್ಕಿಟ್ಟು ಎದ್ದು ಬಂದರು. “ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ. ನೀವು ಬೈದಿದ್ದು ಅವರಿಗೆ ಕೇಳಿಸಿಲ್ಲ. ಕಿವಿ ಹೋಗ್ಯಾವ. ಮತ್ತೊಮ್ಮಿ ಬೈಯವ್ರಿದ್ರ ಹೇಳ್ರಿ, ನಾ ಅವರಿಗೆ ತಿಳಿಸಿ ಹೇಳ್ತೀನಿ.”

ಅಪ್ಪ ಮತ್ತೊಮ್ಮೆ ಬೈಯಲಿಲ್ಲ. ಗಂಗವ್ವ ಕೊಟ್ಟ ಚಹಾವನ್ನು ತಲೆ ತಗ್ಗಿಸಿ ಕುಡಿದರು. ಮಾಸ್ತರರು ಇದಾವುದರ ಪರಿವೆಯಿಲ್ಲದೆ ನನ್ನ ಕಡೆ ತಿರುಗಿ, “ತಂಗಿ, ಹೆಂಗೂ ಬಂದೀದಿ, ಆ ಮೂರನೇ ಪೆಡಲ್ ಒಂದೀಟ ನೋಡಿಬಿಡೋಣು” ಅಂದರು. ಅಪ್ಪನ ಮುಖ ನೋಡಿದೆ. ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. ನಾನು ಕೂತೆ. ಮಾಸ್ತರರು ಒಂದು ಕೈಯಲ್ಲಿ ತಿರುಪು ತಿರುಗಿಸುವ ಪಾನಾ ಹಿಡಿದು, ಇನ್ನೊಂದು ಅಂಗೈಯನ್ನು ಹಲಗೆಗೆ ಒತ್ತಿ ಕಣ್ಣು ಮುಚ್ಚಿದರು.

ನಮ್ಮ ಅಪ್ಪ ಬಟ್ಟೆಯನ್ನು ಪರೀಕ್ಷಿಸುವಾಗ ಕಣ್ಣಿನಿಂದ ನೋಡುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಎಲ್ಲೋ ನೋಡುತ್ತ, ಬೆರಳಿನಿಂದಲೇ ಯಾವ ನೂಲು, ಎಂಥ ನೇಯ್ಗೆ ಎಂದು ಹೇಳಿಬಿಡುತ್ತಾರೆ. ಮಾಸ್ತರರ ಆ ಕೈಯನ್ನು ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ತಮ್ಮ ಅಂಗೈಯನ್ನೂ ಪಕ್ಕದಲ್ಲಿ ಇಟ್ಟರು.

ಮಾಸ್ತರರು ಕಣ್ಣು ಬಿಟ್ಟರು. “ಥರಥರ ಅನ್ನಾಕತ್ತೈತಲ್ರಿ? ಎರಡೂ ತಾರ ಜಗಳಾಡಾಕತ್ಯಾವ.”

ನಾನು ಬೆರಳೆತ್ತಿದೆ. ತಿರುಪು ಒಂದು ಎಳೆಯಷ್ಟು ತಿರುಗಿತು. ಮತ್ತೆ ಮೀಟಿದೆ. ಕಿವಿಯಲ್ಲಿ ಆ ಒರಟು ಅಲೆ ನಿಧಾನವಾಯಿತು. ಇನ್ನೊಂದು ಎಳೆ. ಇನ್ನೂ ನಿಧಾನ. ಇನ್ನೊಂದು. ಮೂರು ಸ್ವರಗಳೂ ಒಂದರೊಳಗೊಂದು ಸೇರಿ, ಶಬ್ದ ಕದಲದೆ ನಿಂತಿತು.

“ನಿಂತ್ತು” ಅಂದರು ಅಪ್ಪ. ಅದನ್ನು ಮೊದಲು ಹೇಳಿದ್ದು ನಾನಲ್ಲ, ಮಾಸ್ತರರೂ ಅಲ್ಲ.

ಮಾಸ್ತರರ ಕಣ್ಣಲ್ಲಿ ನೀರು ಬಂದಿತ್ತು. ಆರು ವರ್ಷ ಕಟ್ಟಿದ್ದು ಸರಿಯಾಗಿ ಕೂತಿತ್ತು, ಕೂತದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ಮರುದಿನ ಮೂರರ ಭೋಂಗಾ ಕೂಗಿದಾಗ ಅಪ್ಪ ಅಂಗಡಿಯಿಂದ ಮೇಲೆ ಬಂದು, “ಇವತ್ತ ಮಾಸ್ತರ ಕಡೆ ಹೋಗೂದಿಲ್ಲೇನು?” ಎಂದು ಅವ್ವನನ್ನು ಕೇಳಿದರು.

ಇನ್ನು ಉಳಿದದ್ದು ನನ್ನ ಕಾಲು. ಮಾಸ್ತರರು ಏನೇನೋ ಮಾಡಿದರು. ಪಾದದ ಮೇಲೆ ಇಟ್ಟಿಗೆ ಇಟ್ಟರು, ನೀರು ತುಂಬಿದ ಲೋಟ ಇಟ್ಟರು. ಇಟ್ಟಿಗೆ ಉರುಳಿತು, ನೆಲ ಒದ್ದೆಯಾಯಿತು. ಕಡೆಗೆ ದಾರಿ ತೋರಿಸಿದವರು ಗಂಗವ್ವ, ಅದೂ ಬೀಡಿಯಿಂದ ಕಣ್ಣೆತ್ತದೆ.

“ತಾಳಂದ್ರ ಮನ್ಯಾಗಿನ ಬೆಕ್ಕಿದ್ದಂಗ. ಒಂದ ಬಾಗಲಾ ಹಾಕಿದ್ರ ಇನ್ನೊಂದ್ರಾಗ ನುಗ್ತದ. ಕೈಯಾಗಿಂದ ಹೊರಗ ಹಾಕಿದ್ರಿ, ಕಾಲಿಗೆ ಬಂತು. ಅದಕ್ಕ ಒಂದ ಜಾಗಾ ಮಾಡಿ ಕೊಡ್ರಿ. ಬಾಯಿ ಮುಚ್ಚಿ ಒಳಗ ನಾಲಗಿಲೇ ತಾಳಾ ಹಾಕು ತಂಗಿ. ನಾ ದಿನಾ ಹಂಗ ಮಾಡ್ತೀನಿ. ಒಳಗ ಹಾಡ ನಡದಿರ್ತದ, ಇವರಿಗೂ ಗೊತ್ತಿಲ್ಲ.”

ಮುಚ್ಚಿದ ತುಟಿಗಳ ಹಿಂದೆ ನಾಲಗೆ ಟಕ್ ಟಕ್ ಎಂದು ಹಲ್ಲಿಗೆ ತಾಗತೊಡಗಿದ್ದೇ ತಡ, ಕಾಲು ಸುಮ್ಮನಾಯಿತು. ಒಂದು ವಾರ ನಂಬಿಕೆಯೇ ಬರಲಿಲ್ಲ. ಬೇಡ ಬೇಡ ಎಂದು ಗದರಿಸಿದಾಗ ಹೋಗದ ಚಾಳಿ, ಬೇರೆ ಮನೆ ಕೊಟ್ಟ ಕೂಡಲೇ ಗಂಟು ಮೂಟೆ ಕಟ್ಟಿಕೊಂಡು ಹೋಗಿತ್ತು. ಅಂದಿನಿಂದ ನಾನು ನುಡಿಸುವಾಗ ಮಾತಾಡಲಾರೆ. ಗಂಭೀರವಾಗಿ ಕೂತು ನುಡಿಸುತ್ತಾಳೆ ಎಂದು ಜನ ಅನ್ನುತ್ತಾರೆ. ಬಾಯಿ ಕೆಲಸದಲ್ಲಿದೆ ಎಂದು ನಾನು ಹೇಳುವುದಿಲ್ಲ.

ಆ ವರ್ಷ ಚಾಳದ ಗಣಪತಿಯ ಮುಂದೆ ಒಂದು ಸಂಜೆ ಆ ಪೆಡಲ್ ಗಿಟಾರನ್ನು ನುಡಿಸಿದೆ. ಮುಂದಿನ ಸಾಲಿನಲ್ಲಿ ಮಗ್ಗದ ಖಾತೆಯ ಹಳಬರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಿವಿ ಮಂದ. ಮಾಸ್ತರರು ಅವರಿಗೆ ಮೊದಲೇ ಹೇಳಿದ್ದಿರಬೇಕು, ಒಬ್ಬೊಬ್ಬರಾಗಿ ಮುಂದೆ ಬಂದು, ನಾನು ಕೂತಿದ್ದ ಮಂಟಪದ ಹಲಗೆಗಳ ಅಂಚಿಗೆ ಅಂಗೈ ಊರಿ ನಿಂತರು. ಆ ಹಾಡಿಗೂ ಚಪ್ಪಾಳೆ ಬೀಳಲಿಲ್ಲ, ಕೈಗಳೆಲ್ಲ ಹಲಗೆಯ ಮೇಲಿದ್ದವು. ಅಂಥ ಸಭೆ ನನಗೆ ಮತ್ತೆ ಸಿಕ್ಕಿಲ್ಲ.

ಅದರ ಮುಂದಿನ ವರ್ಷ ನನ್ನ ಮದುವೆಯಾಯಿತು. ವರ ಅಕ್ಕಲಕೋಟೆಯವರೇ, ಆದರೆ ಬೇರೆ ಮನೆತನ, ತಹಸೀಲ್ದಾರ ಕಚೇರಿಯ ಕಾರಕೂನರು. ಅಪ್ಪ ಈ ಸಲ ಚೀಟಿಯಲ್ಲಿ ಗಿಟಾರಿನ ಸುದ್ದಿ ಬರೆಸಿರಲಿಲ್ಲ. ನೋಡಲು ಬಂದವರಿಗೆ ನಾನೇ ಹೇಳಿದೆ, “ನನಗ ಗಿಟಾರ್ ಬರ್ತದರಿ. ಪೂರಾ ಬರೂದಿಲ್ಲ.” ಅದಕ್ಕೆ ವರ, “ನನಗ ಇಂಗ್ಲಿಷ್ ಹಂಗ ಬರ್ತದ” ಅಂದರು. ಒಪ್ಪಿದೆ. ಮಾಸ್ತರರು ಆ ಪೆಡಲ್ ಯಂತ್ರವನ್ನೇ ನನಗೆ ಕೊಟ್ಟರು. ಎಷ್ಟು ಬೇಡವೆಂದರೂ ಕೇಳಲಿಲ್ಲ. “ಇಲ್ಲಿದ್ರ ಕಟ್ಟಿಗಿ. ಅಲ್ಲಿದ್ರ ನುಡಿತೈತಿ.” ಬಸ್ಸಿನ ಮೇಲೆ ಅದನ್ನು ಏರಿಸುವಾಗ ಪೆಡಲುಗಳನ್ನು ನೋಡಿದ ಕಂಡಕ್ಟರ್ ಹೊಲಿಗೆ ಯಂತ್ರವೆಂದು ಲಗೇಜ್ ಟಿಕೆಟ್ ಹರಿದುಕೊಟ್ಟ. ಯಾರೂ ತಿದ್ದಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಮಾಸ್ತರರು ಗಂಗವ್ವನೊಂದಿಗೆ ಒಮ್ಮೆ ಅಕ್ಕಲಕೋಟೆಗೆ ಬಂದರು. ಆಗ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಹೆಚ್ಚು ದಪ್ಪವಾಗಿದ್ದರು, ಹೆಚ್ಚು ನಗುತ್ತಿದ್ದರು. ಊಟಕ್ಕೆ ಮೊದಲು ಯಂತ್ರದ ಕೆಳಗೆ ಮಲಗಿ ಎಲ್ಲ ಕೀಲಿಗೂ ಎಣ್ಣೆ ಬಿಟ್ಟರು. ಊಟವಾದ ಮೇಲೆ, “ನುಡಿಸು” ಎಂದು ಕೈಸನ್ನೆ ಮಾಡಿ ಎದುರಿಗೆ ಕೂತರು. ನುಡಿಸಿದೆ. ಕೈ ಅಲುಗಲಿಲ್ಲ, ಕಾಲು ತಪ್ಪಲಿಲ್ಲ. ಶಹಬ್ಬಾಸ್ ಎನ್ನುತ್ತಾರೆಂದು ತಲೆಯೆತ್ತಿದರೆ ಮಾಸ್ತರರು ಹುಬ್ಬು ಗಂಟಿಕ್ಕಿಕೊಂಡು ನನ್ನ ಎಡಗೈಯನ್ನೇ ನೋಡುತ್ತಿದ್ದರು.

“ಕಿರುಬೆರಳ ಎತ್ತಾಕತ್ತಿ” ಅಂದರು, ಕಿವುಡರು ಮಾತಾಡುವಂತೆ ಗಟ್ಟಿಯಾಗಿ. “ಇದೆಲ್ಲಿಂದ ತಂದಿ? ನನ್ನ ಕಡೆ ಕಲ್ತಿದ್ದಲ್ಲ ಇದು.”

ರಾಡಿನ ಹಿಂದಿನ ಬೆರಳುಗಳು ತಂತಿಗಳ ಮೇಲೆ ಒರಗಿರಬೇಕು. ಇಲ್ಲದಿದ್ದರೆ ಹಿಂದೆ ಉಳಿದ ತಂತಿಯ ತುಂಡು ತಾನೂ ಗುಂಯ್ ಎನ್ನುತ್ತದೆ. ನನ್ನ ಕಿರುಬೆರಳು ನಿಜಕ್ಕೂ ಚಹಾ ಕಪ್ಪು ಹಿಡಿದವರಂತೆ ಗಾಳಿಯಲ್ಲಿತ್ತು. ಯಾವಾಗ ಎದ್ದಿತೋ ದೇವರಿಗೇ ಗೊತ್ತು. ನಾಚಿಕೆಯಾಗಿ ಇಳಿಸಿದೆ.

ಗಂಗವ್ವ ನಗತೊಡಗಿದರು. ಹೇಳಿದರೆ ಗಂಡನಿಗೆ ಕೇಳಿಸದು. ಅದಕ್ಕೆ ಅವರ ಎದುರಿಗೆ ಹೋಗಿ, ತಮ್ಮ ಕಿರುಬೆರಳು ಎತ್ತಿ ತೋರಿಸಿ, ಆಮೇಲೆ ಆ ಬೆರಳಿನಿಂದಲೇ ಗಂಡನ ಎದೆಗೆ ಎರಡು ಸಲ ಚುಚ್ಚಿದರು. ಇದು ನಿಮ್ಮದು. ನಿಮ್ಮದೇ.

ಮಾಸ್ತರರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನನ್ನನ್ನು ಏಳಿಸಿ ತಾವು ಕೂತರು. ರಾಡನ್ನು ಕೈಗೆ ತೆಗೆದುಕೊಂಡು ತಂತಿಗಳ ಮೇಲಿಟ್ಟರು, ತಮ್ಮ ಕೈಯನ್ನೇ ಪರರ ಕೈಯಂತೆ ನೋಡಿದರು. ಕಿರುಬೆರಳು ಮೆಲ್ಲಗೆ ಎದ್ದು ನಿಂತಿತು.

ಮಾಸ್ತರರು ಅದನ್ನು ಇನ್ನೊಂದು ಕೈಯಿಂದ ಒತ್ತಿ ಇಳಿಸಿದರು, ಅದು ಮತ್ತೆ ಎದ್ದಿತು. ಆಮೇಲೆ ರಾಡನ್ನು ನನ್ನ ಅಂಗೈಯಲ್ಲಿಟ್ಟು, “ಹಂಗಾದ್ರ ಅದೊಂದು ಇರ್ಲಿ ಬಿಡು ತಂಗಿ” ಅಂದರು.